ಮೂರು ಕಂತಿನ ಪರಿಹಾರ, ಒಂದೇ ಕಂತಿನ ರಾಜಿ

ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಕವನ ಸಂಕಲನವನ್ನಲ್ಲ, ಕಾದಂಬರಿಯನ್ನೂ ಅಲ್ಲ. ಸರ್ಕಾರದ ಒಂದು ಪಟ್ಟಿಯನ್ನು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ನಿಯಮಗಳು, 1995 ಎಂಬುದರ ಕೊನೆಗಿರುವ ಅನುಬಂಧ ಅದು. ಯಾವ ಅಪರಾಧಕ್ಕೆ ನೊಂದವರಿಗೆ ಎಷ್ಟು ಹಣ, ಯಾವಾಗ ಎಷ್ಟು ಪಾಲು ಎಂದು ಅದರಲ್ಲಿ ಬರೆದಿದೆ. ಇದೂ ಒಂದು ಬರವಣಿಗೆಯೇ. ನಮ್ಮ ಕೇರಿಗಳಿಗೆ ಯಾವ ಕವಿಯ ಪುಸ್ತಕಕ್ಕಿಂತಲೂ ಮೊದಲು ಇದು ತಲುಪುತ್ತದೆ; ಓದಲಿಕ್ಕೆ ಅಲ್ಲ, ಹೆಬ್ಬೆಟ್ಟು ಒತ್ತಲಿಕ್ಕೆ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಓದಿದ ನಮ್ಮಂಥವರು, ಮನೆತನದಲ್ಲೇ ಮೊದಲ ಸಲ ಪದವಿ ಕಂಡವರು, ನವ್ಯದವರ ಅಸ್ತಿತ್ವದ ಆತಂಕವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದೆವು. ಈ ಪಟ್ಟಿಯನ್ನು ನಮಗೆ ಯಾರೂ ಪಾಠ ಮಾಡಲಿಲ್ಲ. ನಾವಾಗಿ ಓದಲೂ ಇಲ್ಲ. ಓದುವಂತೆ ಮಾಡಿದ್ದು ಒಬ್ಬ ಅಕ್ಕ.

ಘಟ್ಟದ ಮೇಲಿನ ಒಂದು ಕೇರಿ. ಊರಿನ ಹೆಸರು ಬೇಡ, ಅಕ್ಕನ ಹೆಸರೂ ಬೇಡ. ಕೇಸು ಇನ್ನೂ ಮುಗಿದಿಲ್ಲ. ಅಡಿಕೆ ಸುಲಿದ ಕೂಲಿ ಬಾಕಿ ಕೇಳಿದ್ದಕ್ಕೆ ಜಾತಿ ಎತ್ತಿ ಬೈದು, ಅಂಗಳದಲ್ಲಿ ಕೆಡವಿ ಹೊಡೆದರು. ಸಂಘದ ಗೆಳೆಯರು ಹೋಗಿ ಠಾಣೆಯ ಮುಂದೆ ಕೂತ ಮೇಲೆ ದೂರು ದಾಖಲಾಯಿತು. ಮೊದಲ ಕಂತು ಬಂತು. ಆಮೇಲೆ ಎರಡು ಮಳೆಗಾಲ ಕಳೆದರೂ ಸರ್ಕಾರದಿಂದ ಏನೂ ಬರಲಿಲ್ಲ. ಬಂದದ್ದು ಒಡೇರ ಕಡೆಯ ಒಬ್ಬ ಮನುಷ್ಯ. ಕಿಸೆಯಲ್ಲಿ ನೋಟಿನ ಕಟ್ಟು ಇಟ್ಟುಕೊಂಡೇ ಬಂದಿದ್ದ. ಅಕ್ಕ ನಮ್ಮನ್ನು ಕರೆಸಿ ಕೇಳಿದಳು: “ತಮಾ, ನೀವು ಓದಿದವರು. ಸರ್ಕಾರದವರು ಕೊಟ್ಟದ್ದು ಎಂತದ್ರ ದುಡ್ಡು? ನಾ ಪೆಟ್ಟು ತಿಂದದ್ದಕ್ಕಾ, ನಾ ಕೇಸು ಹಾಕಿದ್ದಕ್ಕಾ?”

ನಮಗೆ ಉತ್ತರ ಗೊತ್ತಿರಲಿಲ್ಲ. ಪದವಿ ಪತ್ರ ಮನೆಯ ಟ್ರಂಕಿನಲ್ಲಿತ್ತು, ಉತ್ತರ ಅದರಲ್ಲಿರಲಿಲ್ಲ. ಆ ಪ್ರಶ್ನೆ ಹಿಡಿದು ನಾವು ಆ ಪಟ್ಟಿಯನ್ನು ಓದಿದೆವು. ಓದಿ ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ಪಟ್ಟಿಯಲ್ಲಿ ಇರುವುದೇನು ನೋಡೋಣ. ದೌರ್ಜನ್ಯ ತಡೆ ಕಾಯ್ದೆ ಆದದ್ದು 1989ರಲ್ಲಿ, ಜಾರಿಗೆ ಬಂದದ್ದು 1990ರ ಜನವರಿ 30ರಂದು. ನಿಯಮಗಳು ಬಂದದ್ದು 1995ರಲ್ಲಿ. 2016ರ ಏಪ್ರಿಲ್ 14ರಂದು, ಬಾಬಾಸಾಹೇಬರ ಜಯಂತಿಯ ದಿನ, ತಿದ್ದುಪಡಿಯಾಗಿ ಮೊತ್ತ 85 ಸಾವಿರದಿಂದ 8 ಲಕ್ಷ 25 ಸಾವಿರ ರೂಪಾಯಿಯ ತನಕ ನಿಗದಿಯಾಯಿತು. ಆ ತಿದ್ದುಪಡಿಯ ಪ್ರಕಾರ, ಜಾತಿ ಹಿಡಿದು ಎಲ್ಲರೆದುರು ಅವಮಾನ ಮಾಡಿದ್ದಕ್ಕೆ 1 ಲಕ್ಷ. ದೂರು ದಾಖಲಾದಾಗ ಶೇಕಡಾ 25, ಚಾರ್ಜ್‌ಶೀಟು ಕೋರ್ಟಿಗೆ ಹೋದಾಗ 50, ಕೆಳಗಿನ ಕೋರ್ಟಿನಲ್ಲಿ ಆರೋಪಿಗೆ ಶಿಕ್ಷೆಯಾದಾಗ ಉಳಿದ 25. ಅತ್ಯಾಚಾರಕ್ಕೆ 5 ಲಕ್ಷ. ವೈದ್ಯಕೀಯ ವರದಿ ಬಂದ ಮೇಲೆ ಅರ್ಧ, ಚಾರ್ಜ್‌ಶೀಟಿಗೆ ಕಾಲು, ವಿಚಾರಣೆ ಮುಗಿದಾಗ ಕಾಲು. ಕೊಲೆಗೆ 8 ಲಕ್ಷ 25 ಸಾವಿರ. ಮರಣೋತ್ತರ ಪರೀಕ್ಷೆಯ ನಂತರ ಅರ್ಧ, ಚಾರ್ಜ್‌ಶೀಟಿಗೆ ಅರ್ಧ.

ಈ ಅಂಕಿಗಳನ್ನು ಸುಮ್ಮನೆ ಓದಿದರೆ ಸರ್ಕಾರ ಉದಾರಿ ಅನಿಸುತ್ತದೆ. ಅಕ್ಕನ ಗುಡಿಸಲಿನಲ್ಲಿ ಕೂತು ಓದಿದರೆ ಬೇರೆ ಕಾಣುತ್ತದೆ. ಕಂತು ಬೀಳುವುದು ಪೊಲೀಸರ ಕಾಗದ, ಕೋರ್ಟಿನ ಕಾಗದ ಒಂದೊಂದು ಮೆಟ್ಟಿಲು ಹತ್ತಿದಾಗ. ಮಡಕೆಯಲ್ಲಿ ಅಕ್ಕಿ ತಳ ಕಂಡದ್ದು ಯಾವಾಗ ಎಂಬ ಲೆಕ್ಕ ಅಲ್ಲಿಲ್ಲ. ಸಾಮಾಜಿಕ ಬಹಿಷ್ಕಾರದ ಸಾಲನ್ನೇ ನೋಡಿ. ಅದಕ್ಕೂ 1 ಲಕ್ಷ ಇದೆ. ಆದರೆ ಪೂರ್ತಿ ಹಣ ಚಾರ್ಜ್‌ಶೀಟು ಹೋದ ಮೇಲೆ. ಬಹಿಷ್ಕಾರ ಅಂದರೆ ಏನು? ಅಂಗಡಿಯವನು ಉಪ್ಪು ಕೊಡೂದಿಲ್ಲ. ತೋಟದಲ್ಲಿ ಕೆಲಸ ಇಲ್ಲ. ಬೆಟ್ಟಕ್ಕೆ ದರಕು ತರಲಿಕ್ಕೆ ಹೋದರೆ ದಾರಿಗೆ ಅಡ್ಡ ಬೇಲಿ. ಇದೆಲ್ಲ ಶುರುವಾಗುವುದು ಮೊದಲ ದಿನದಿಂದ. ನಿಯಮದ ಪ್ರಕಾರ ಚಾರ್ಜ್‌ಶೀಟು ಹಾಕಲಿಕ್ಕೆ ಪೊಲೀಸರಿಗೆ 60 ದಿನ. ಎಲ್ಲ ಸರಿಯಾಗಿ ನಡೆದರೂ ಎರಡು ತಿಂಗಳು ಆ ಮನೆಯವರು ಏನು ತಿನ್ನಬೇಕು? ತಡವಾದರೆ?

ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಕೊಲೆಯಾದವನ ಮನೆಗೆ ಹಣದ ಜೊತೆಗೆ ತಿಂಗಳ ಪಿಂಚಣಿ, ಮನೆಯ ಒಬ್ಬರಿಗೆ ಕೆಲಸ, ಮಕ್ಕಳ ಓದು. ಮೂರು ತಿಂಗಳ ತನಕ ಪಾತ್ರೆ, ಅಕ್ಕಿ, ಗೋಧಿ, ಬೇಳೆ ಕೊಡಬೇಕು ಎಂದಿದೆ. ಪಾತ್ರೆ ಎಂಬ ಮಾತನ್ನು ಬರೆದವನು ಯಾರೋ ನಮಗೆ ಗೊತ್ತಿಲ್ಲ. ಸುಟ್ಟ ಕೇರಿಯನ್ನು ಒಂದು ಸಲವಾದರೂ ಕಂಡ ಮನುಷ್ಯ ಇರಬೇಕು. ಗುಡಿಸಲು ಸುಟ್ಟಾಗ ಗಂಜಿ ಕಾಸುವ ಪಾತ್ರೆಯೂ ಹೋಗುತ್ತದೆ ಎಂದು ಅವನಿಗೆ ಹೊಳೆದಿತ್ತು.

ಇನ್ನೂ ಒಂದನ್ನು ಗಮನಿಸಿ. ಕೊಲೆಯ ಸಾಲಿನಲ್ಲಿ ಶಿಕ್ಷೆಗಾಗಿ ಕಾಯುವ ಪಾಲೇ ಇಲ್ಲ. ಚಾರ್ಜ್‌ಶೀಟಿಗೇ ಪೂರ್ತಿ ಹಣ ಮುಗಿಯುತ್ತದೆ. ಅಂದರೆ ಆದ ನಷ್ಟಕ್ಕೂ ಬರಬೇಕಾದ ತೀರ್ಪಿಗೂ ಗಂಟು ಹಾಕಬಾರದು ಎಂಬುದನ್ನು ಕಾನೂನೇ ಒಂದು ಕಡೆ ಒಪ್ಪಿದೆ. ಹಾಗಿದ್ದ ಮೇಲೆ ಪೆಟ್ಟು ತಿಂದು ಬದುಕಿ ಉಳಿದವಳ ಕಾಲು ಪಾಲನ್ನು ಶಿಕ್ಷೆಯಾಗುವ ತನಕ ಹಿಡಿದಿಟ್ಟುಕೊಳ್ಳುವುದು ಎಂತಕ್ಕೆ? ಸಾಕ್ಷಿ ಹೇಳಬೇಕಾದವಳು ಅವಳೇ ತಾನೆ?

ಈಗ ಪದದ ವಿಚಾರ. ನಾವು ಕವಿಗಳೆಂದು ಹೇಳಿಕೊಳ್ಳುವವರು, ಪದವನ್ನು ಬಿಟ್ಟು ಮುಂದೆ ಹೋಗಲಾರೆವು. ನಿಯಮದ ಇಂಗ್ಲಿಷಿನಲ್ಲಿ ಎರಡು ಮಾತಿವೆ. ರಿಲೀಫ್ ಒಂದು, ಕಾಂಪೆನ್ಸೇಷನ್ ಇನ್ನೊಂದು. 12ನೇ ನಿಯಮ ಹೇಳುವುದು ರಿಲೀಫ್ ಬಗ್ಗೆ. ಏಳು ದಿನದ ಒಳಗೆ ನಗದಾಗಿಯೋ ವಸ್ತುವಾಗಿಯೋ ಕೊಡಬೇಕು. ಅನ್ನ, ನೀರು, ಬಟ್ಟೆ, ಸೂರು, ಔಷಧಿ, ಓಡಾಟ ಎಲ್ಲ ಅದರಲ್ಲಿ ಸೇರುತ್ತದೆ. ಸಾವು, ಗಾಯ, ಆಸ್ತಿ ಹಾನಿಗೆ ಇದನ್ನು ಕೊಟ್ಟರೂ ಬೇರೆ ಕಾನೂನಿನಲ್ಲಿ ಕಾಂಪೆನ್ಸೇಷನ್ ಕೇಳುವ ಹಕ್ಕು ಹಾಗೇ ಉಳಿಯುತ್ತದೆ ಎಂದೂ ಅದೇ ನಿಯಮ ಹೇಳಿದೆ. ಒಂದು ಬಿದ್ದವರನ್ನು ಎತ್ತಿ ಕೂರಿಸುವುದು. ಇನ್ನೊಂದು ಕಳೆದದ್ದನ್ನು ತುಂಬಿಕೊಡುವುದು. ನಮ್ಮ ಕಚೇರಿಯ ಕನ್ನಡ ಎರಡಕ್ಕೂ ಒಂದೇ ಹೆಸರಿಟ್ಟಿತು: ಪರಿಹಾರ.

ಈ ಪದ ಸಾಮಾನ್ಯದ್ದಲ್ಲ. ಕನ್ನಡದಲ್ಲಿ ಸಮಸ್ಯೆ ಪರಿಹಾರವಾಯಿತು ಅಂದರೆ ಸಮಸ್ಯೆ ಮುಗಿಯಿತು. ದೋಷ ಪರಿಹಾರ ಅಂದರೆ ಪೂಜೆ ಕೊಟ್ಟು ಪಾಪ ಕಳೆದುಕೊಂಡದ್ದು. ಹಾಗಾಗಿ ಮಂತ್ರಿ ಬಂದು ಚೆಕ್ಕು ಹಿಡಿದು ಫೋಟೋ ತೆಗೆಸಿಕೊಂಡ ದಿನ, ಪತ್ರಿಕೆಯಲ್ಲಿ ‘ಪರಿಹಾರ ವಿತರಣೆ’ ಎಂದು ಬಂದ ದಿನ, ಊರಿನ ಲೆಕ್ಕದಲ್ಲಿ ಕೇಸು ಮುಗಿದಂತೆ. “ಸರ್ಕಾರದಿಂದ ಪರಿಹಾರ ಬಂತಲ್ಲ, ಮತ್ತೆಂತ ಕೋರ್ಟು?” ಎಂದು ಕೇಳುವವರು ಕೆಟ್ಟವರೇ ಆಗಬೇಕಿಲ್ಲ. ಪದವೇ ಅವರಿಂದ ಹಾಗೆ ಕೇಳಿಸುತ್ತದೆ. ತುರ್ತು ಆಸರೆ ಎಂದೋ, ಜೀವನಾಧಾರ ಎಂದೋ ಕರೆದಿದ್ದರೆ ಆ ಪ್ರಶ್ನೆ ಅಷ್ಟು ಸಲೀಸಾಗಿ ಹುಟ್ಟುತ್ತಿರಲಿಲ್ಲ.

ಪರಿಹಾರ ಎಂಬ ಪದಕ್ಕೆ ಇನ್ನೊಂದು ಹಳೆಯ ನೆರಳಿದೆ. ಸಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಮಾರಿಯ ಕತೆಯನ್ನು ಕರ್ನಾಟಕದ ಉದ್ದಗಲಕ್ಕೂ ಹೇಳ್ತಾರೆ: ಕೀಳುಜಾತಿಯವನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ, ತಿಳಿದು ಅವಳು ಮಾರಿಯಾದಳು, ಅವನು ಕೋಣನಾದ. ಆ ಒಂದು ಕತೆಯ ಅಪರಾಧಕ್ಕೆ ಜಾತ್ರೆ ಜಾತ್ರೆಗೂ ಕೋಣ ಕುತ್ತಿಗೆ ಕೊಟ್ಟಿತು. ಗಾಂಧೀಜಿ 1934ರಲ್ಲಿ ಸಿರಸಿಗೆ ಬಂದ ಕಾಲಕ್ಕೆ ಇಲ್ಲಿ ಬಲಿ ನಿಂತಿತು, ಅದು ಒಳ್ಳೆಯದಾಯಿತು. ಆದರೆ ಕತೆ ನಿಂತಿಲ್ಲ. ನಮ್ಮವನು ಆರೋಪಿಯಾದ ಆ ಕತೆಯಲ್ಲಿ ಚಾರ್ಜ್‌ಶೀಟು ಇಲ್ಲ, ಸಾಕ್ಷಿ ಇಲ್ಲ, ಶಿಕ್ಷೆ ಮಾತ್ರ ತಲೆಮಾರುಗಟ್ಟಲೆ ವಸೂಲಾಯಿತು. ನಮ್ಮವರು ನೊಂದವರಾದಾಗ ಮಾತ್ರ ‘ಆರೋಪ ಸಾಬೀತಾಗಲಿ, ಆಮೇಲೆ ನೋಡೋಣ’ ಎಂಬ ನ್ಯಾಯ ನೆನಪಾಗುತ್ತದೆ.

ಈಗ ಒಡೇರ ಕಡೆಯ ಮನುಷ್ಯನ ಕಿಸೆಗೆ ಬರೋಣ. ಕೇಸು ನಡೆಯುವಾಗ ಊರಿನಲ್ಲಿ ಎರಡು ಪರಿಹಾರ ಓಡಾಡುತ್ತಿರುತ್ತವೆ. ಸರ್ಕಾರದ್ದು ಮೂರು ಕಂತು. ಅದಕ್ಕೆ ಜಾತಿ ಪ್ರಮಾಣಪತ್ರ ಬೇಕು, ಬ್ಯಾಂಕ್ ಪಾಸ್‌ಬುಕ್ ಬೇಕು, ಅನುದಾನ ಬಂದಿರಬೇಕು, ಗುಮಾಸ್ತ ರಜೆಯಲ್ಲಿರಬಾರದು. ರಾಜಿಯದ್ದು ಒಂದೇ ಕಂತು. ಅದಕ್ಕೆ ಯಾವ ಕಾಗದವೂ ಬೇಡ. ರಾತ್ರಿ ಬಂದು ಕೈಗೇ ಕೊಡ್ತಾರೆ. ಬದಲಿಗೆ ಕೇಳುವುದು ಒಂದೇ: ಕೋರ್ಟಿನಲ್ಲಿ ‘ನನಗೆ ನೆನಪಿಲ್ಲ’ ಅನ್ನಬೇಕು. ಕಾನೂನಿನಲ್ಲಿ ಈ ಅಪರಾಧಗಳಿಗೆ ರಾಜಿಗೆ ಅವಕಾಶ ಬರೆದಿಲ್ಲ. ಅದಕ್ಕೇ ರಾಜಿ ಸಾಕ್ಷಿಕಟ್ಟೆಯ ಮೂಲಕ ಒಳಗೆ ಬರುತ್ತದೆ. ಸಾಕ್ಷಿಗಳು ತಿರುಗಿಬಿದ್ದರು ಎಂದು ತೀರ್ಪು ಬರೆಯುತ್ತದೆ. ಯಾಕೆ ತಿರುಗಿದರು ಎಂದು ಬರೆಯುವುದಿಲ್ಲ.

ಇಲ್ಲಿನ ತೋಟದ ಬದುಕು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆ ಕೊಯ್ಲು, ಸುಲಿತ, ಮಳೆಗಾಲದ ಮೊದಲು ಕೊಟ್ಟೆ ಕಟ್ಟುವುದು, ಎಲ್ಲವೂ ಅದೇ ನಾಲ್ಕು ಮನೆಯ ಅಂಗಳದಲ್ಲಿ. ಮಳೆಗಾಲಕ್ಕೆ ಮುಂಗಡ ಸಿಗುವುದೂ ಅಲ್ಲೇ. ಎಷ್ಟೋ ಜನರ ಬಿಡಾರ ನಿಂತ ನೆಲವೂ ಒಡೇರದ್ದು. ಹೊಡೆದವನೂ ಅವನೇ, ಹೊಟ್ಟೆಗೆ ಹಾಕುವವನೂ ಅವನೇ ಆದಾಗ, ಕೇಸು ಹಾಕಿದವಳು ನಿಂತುಕೊಳ್ಳಬೇಕಾದ್ದು ಎಲ್ಲಿ? ಸರ್ಕಾರದ ಹಣ ಸಕಾಲಕ್ಕೆ ಬಂದರೆ ಅವಳು ಒಂದು ಮಳೆಗಾಲ ಆ ಅಂಗಳ ತುಳಿಯದೆ ಇರಬಹುದು. ಬಾರದಿದ್ದರೆ ತೀರ್ಪು ಬರೆಯುವುದು ನ್ಯಾಯಾಧೀಶರಲ್ಲ, ಆಷಾಢದ ಹಸಿವು.

ದುಡ್ಡಿಗಾಗಿ ಸುಳ್ಳು ಕೇಸು ಹಾಕ್ತಾರೆ ಎಂಬ ಮಾತು ಹೋಟೆಲಿನ ಬೆಂಚಿನಲ್ಲೂ ಇದೆ, ಕೋರ್ಟಿನಲ್ಲೂ ಇದೆ. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ದುರುಪಯೋಗದ ಮಾತೆತ್ತಿ ಈ ಕಾಯ್ದೆಯ ಹಲ್ಲು ಕಿತ್ತಿತು. ಏಪ್ರಿಲ್ 2ರಂದು ದಲಿತರು ದೇಶದ ಬೀದಿಗಿಳಿದರು. ಅದೇ ವರ್ಷ ಸಂಸತ್ತು ಕಾಯ್ದೆಯನ್ನು ತಿದ್ದಿತು. 2019ರಲ್ಲಿ ಕೋರ್ಟು ತನ್ನ ನಿರ್ದೇಶನಗಳನ್ನು ತಾನೇ ಹಿಂತೆಗೆದುಕೊಂಡಿತು. ಆದರೂ 2022ರಲ್ಲಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ, ಪರಿಹಾರವನ್ನು ದೂರು ಮತ್ತು ಚಾರ್ಜ್‌ಶೀಟಿನ ಹಂತದಲ್ಲಲ್ಲ, ಶಿಕ್ಷೆಯಾದ ಮೇಲೆ ಕೊಡುವುದು ಸರಿ ಎಂಬ ಅಭಿಪ್ರಾಯ ಹೇಳಿತು. ಕೇಳಲಿಕ್ಕೆ ನ್ಯಾಯದ ಮಾತು. ಅದನ್ನು ನಮ್ಮ ನಾಡಿನ ನೆಲಕ್ಕೆ ತಂದು ನೋಡಿ.

2000ದ ಮಾರ್ಚ್ 11ರಂದು ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಏಳು ಜನ ಸುಟ್ಟು ಬೂದಿಯಾದದ್ದು ಸುಳ್ಳೇ? ಶಿಕ್ಷೆಯಾದ ಮೇಲೆ ಮಾತ್ರ ಹಣ ಎಂಬ ನಿಯಮವಿದ್ದರೆ ಆ ಮನೆಗಳಿಗೆ ಸೊನ್ನೆ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಕೇರಿಗೆ ಬೆಂಕಿ ಹಚ್ಚಿದರು. ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ, 3 ಮಂದಿಗೆ ಐದು ವರ್ಷ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರಿನಲ್ಲಿ. ಅಷ್ಟು ದೊಡ್ಡ ತೀರ್ಪು ಬಂದ ಕೇಸಿನಲ್ಲೇ ಹತ್ತು ವರ್ಷ. ಕಾಯ್ದೆ ಹೇಳುವುದು ಚಾರ್ಜ್‌ಶೀಟು ಬಂದ ಎರಡು ತಿಂಗಳಲ್ಲಿ ಸಾಧ್ಯವಾದಷ್ಟು ವಿಚಾರಣೆ ಮುಗಿಸಿ ಎಂದು. ಆ ಎರಡು ತಿಂಗಳಿಗೂ ಈ ಹತ್ತು ವರ್ಷಕ್ಕೂ ನಡುವಿನ ಗಂಜಿಯ ಖರ್ಚು ಯಾರದ್ದು?

ನಮ್ಮ ಸೀಮೆಯ ಹಿರಿಯರಿಗೆ ಒಂದು ನೆನಪು ಮಾಡುತ್ತೇವೆ. 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲೆಯ ರೈತರ ಭೂಮಿಯನ್ನು ಬ್ರಿಟಿಷರು ಜಪ್ತಿ ಮಾಡಿದರು. 1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹ ಕೂತರು. 1938ರಲ್ಲಿ ಮುಂಬೈ ಸರ್ಕಾರ ಒಂದು ಕಾನೂನನ್ನೇ ಮಾಡಿ ಜಪ್ತಿಯಾದ ಭೂಮಿಯನ್ನು ಹಿಂತಿರುಗಿಸಿತು. ಆ ರೈತರು ಅಂದಿನ ಕಾನೂನಿನ ಕಣ್ಣಿಗೆ ತಪ್ಪು ಮಾಡಿದವರು. ಆದರೂ ಕಳೆದುಕೊಂಡದ್ದು ಕಳೆದುಕೊಂಡದ್ದೇ ಎಂದು ಸರ್ಕಾರ ಒಪ್ಪಿತು. ಅವರು ಭೂಮಿಯ ಆಸೆಗೆ ಜೈಲಿಗೆ ಹೋದರು ಎಂದು ಯಾರೂ ಹೇಳಲಿಲ್ಲ, ಹೇಳಬಾರದು ಕೂಡ. ಅದೇ ಮರ್ಯಾದೆ ಕೂಲಿ ಕೇಳಿ ಪೆಟ್ಟು ತಿಂದ ಅಕ್ಕನಿಗೆ ಯಾಕಿಲ್ಲ? ಪಹಣಿಯಲ್ಲಿ ಹೆಸರಿದ್ದವರ ನಷ್ಟ ತ್ಯಾಗವಾಗುತ್ತದೆ. ಹೆಸರಿಲ್ಲದವರ ನಷ್ಟ ದುಡ್ಡಿನಾಸೆಯಾಗುತ್ತದೆ.

ಇನ್ನು ಈ ಪಟ್ಟಿಯೊಳಗೆ ಬರದವರು. ಯಲ್ಲಾಪುರದ ಕಾಡಿನ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದಕ್ಕೆ ಮೊದಲು ಪೆಟ್ಟು ತಿಂದ ಸಿದ್ದಿಗೆ ಈ ಅನುಬಂಧ ಇರಲೇ ಇಲ್ಲ. ಪೆಟ್ಟು ಮಾತ್ರ ಇತ್ತು. ಯಾವ ಜಾತಿಯವರೇ ಇರಲಿ, ಅಪರಾಧಕ್ಕೆ ಸಿಕ್ಕಿ ನೊಂದವರಿಗೆ ಸರ್ಕಾರವೇ ನಿಧಿಯಿಂದ ಹಣ ಕೊಡುವ ದಾರಿ ತೆರೆದದ್ದು ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಮು ಸೇರಿದ ಮೇಲೆ, 2009ರ ಕೊನೆಗೆ. ಕರ್ನಾಟಕದ ಯೋಜನೆ ಬಂದದ್ದು 2011ರಲ್ಲಿ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲಿ ಅದೇ ಮಾತು 396ನೇ ಕಲಮಿನಲ್ಲಿದೆ. ಆರೋಪಿ ಯಾರೆಂದು ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ನೊಂದವರು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಅದಕ್ಕೂ ಮೊದಲೇ, 1995ರ ಡಿಸೆಂಬರಿನಲ್ಲಿ, ಒಂದು ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೇಸು ಮುಗಿಯುವ ತನಕ ಹೆಣ್ಣುಮಗಳಿಗೆ ತಿಂಗಳಿಗೆ 1000 ರೂಪಾಯಿ ಕೊಡುವಂತೆ ಆರೋಪಿಗೇ ಆದೇಶ ಮಾಡಿತ್ತು. ತೀರ್ಪಿಗೆ ಮೊದಲು ಕೊಡುವುದು ಹೊಸ ವಿಚಾರವೂ ಅಲ್ಲ, ದಲಿತರಿಗೆ ಮಾಡಿದ ವಿಶೇಷ ಉಪಕಾರವೂ ಅಲ್ಲ.

ಇಷ್ಟೆಲ್ಲ ಬೇರೆಯವರನ್ನು ವಿಮರ್ಶೆ ಮಾಡಿದ ಮೇಲೆ ನಮ್ಮನ್ನು ಬಿಟ್ಟರೆ ಅದು ಬೂಟಾಟಿಕೆ. ನಮ್ಮ ಕಾವ್ಯದಲ್ಲಿ ಬೆಂಕಿ ಇದೆ, ಕೊಳ್ಳಿ ಇದೆ, ಸೂರ್ಯ ಇದ್ದಾನೆ. ದೌರ್ಜನ್ಯ ನಡೆದ ರಾತ್ರಿಯ ಬಗ್ಗೆ ನಾವೆಲ್ಲ ಬರೆದೆವು. ಮರುದಿನ ಬೆಳಿಗ್ಗೆಯಿಂದ ಶುರುವಾಗುವ ಕಾಯುವಿಕೆಯ ಬಗ್ಗೆ ಬರೆಯಲಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ತನ್ನ ಕೋಳಿಯನ್ನು ತಾನೇ ಹುಡುಕಿಕೊಂಡು ಅಲೆಯುತ್ತಾಳೆ, ಪೊಲೀಸರು ಅವಳ ಮನೆಗೆ ಬರುವುದು ಸಾಹುಕಾರನ ಕಡಲೆಕಾಯಿ ಹುಡುಕಲಿಕ್ಕೆ. ಯಾರ ನಷ್ಟಕ್ಕೆ ಕಾನೂನು ನಡೆದು ಬರುತ್ತದೆ, ಯಾರ ನಷ್ಟ ತಾನೇ ಅಲೆಯಬೇಕು ಎಂಬುದನ್ನು ಆ ಕೃತಿ ಘೋಷಣೆ ಕೂಗದೆ ತೋರಿಸಿತು. ನಾವು ಅದರ ಭಾಷೆಯನ್ನು ಹೊಗಳಿ ಪ್ರಬಂಧ ಬರೆದೆವು. ನಮ್ಮೂರಿನ ಸಾಕವ್ವಂದಿರ ಅರ್ಜಿ ಬರೆದುಕೊಡಲಿಲ್ಲ. ನಮ್ಮ ಕೆಲವು ಮುಖಂಡರೂ ಚೆಕ್ಕಿನ ಫೋಟೋದಲ್ಲಿ ನಿಂತರು. ಎರಡನೇ ಕಂತಿನ ದಿನ ಯಾರೂ ಇರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ದೊಡ್ಡ ಕ್ರಾಂತಿಗಿಂತ ಮೊದಲು ಸಣ್ಣ ಕೆಲಸಗಳಿವೆ. ದೂರಿನ ಪ್ರತಿಯನ್ನು ಠಾಣೆಯಲ್ಲಿ ಪುಕ್ಕಟೆ ಕೊಡಬೇಕು. ಅದನ್ನು ಇಸಿದುಕೊಳ್ಳಿ, ಜೋಪಾನ ಮಾಡಿ. ತಾರೀಕು ಗೋಡೆಯ ಮೇಲೆ ಬರೆದಿಡಿ. ಏಳನೇ ದಿನ ಆಸರೆಯ ಹಣ ಎಲ್ಲಿ ಎಂದು ಸಿರಸಿಯ ಉಪವಿಭಾಗಾಧಿಕಾರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಅರವತ್ತನೇ ದಿನ ಚಾರ್ಜ್‌ಶೀಟು ಎಲ್ಲಿ ಎಂದು ಕೇಳಿ. ಜಿಲ್ಲಾಧಿಕಾರಿ ಕಚೇರಿಯೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೂ ಕಾರವಾರದಲ್ಲಿ. ಸಿರಸಿಯವರು ದೇವಿಮನೆ ಘಟ್ಟ ಇಳಿಯಬೇಕು, ಯಲ್ಲಾಪುರದವರು ಅರಬೈಲ್ ಘಟ್ಟ ಇಳಿಯಬೇಕು. ಒಂದು ದಿನದ ಕೂಲಿ, ಬಸ್ ಚಾರ್ಜು, ಊಟ ಎಲ್ಲ ಹೋಗುತ್ತದೆ. ವಿಚಾರಣೆಗೆ ಓಡಾಡುವ ನೊಂದವರಿಗೂ ಸಾಕ್ಷಿಗಳಿಗೂ ಪ್ರಯಾಣದ ಖರ್ಚು, ದಿನಭತ್ಯೆ ಕೊಡಬೇಕೆಂದು 11ನೇ ನಿಯಮದಲ್ಲಿದೆ. ಕೇಳಿದರೆ ಮಾತ್ರ ಸಿಗುತ್ತದೆ. ಆರೋಪಿ ಬಿಡುಗಡೆಯಾದರೆ ಪಡೆದ ಹಣ ವಾಪಸು ಕಟ್ಟಬೇಕು ಎಂದು ಊರಲ್ಲಿ ಹೆದರಿಸ್ತಾರೆ. ಅನುಬಂಧವನ್ನು ಮೊದಲಿಂದ ಕೊನೆ ತನಕ ಓದಿದ್ದೇವೆ. ಹಾಗೆಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಇದರ ಜೊತೆಗೆ ದೊಡ್ಡ ಬೇಡಿಕೆಯನ್ನೂ ಬಿಡಬಾರದು. ಶಿಕ್ಷೆಗೆ ಗಂಟು ಹಾಕಿದ ಕಂತು ಹೋಗಬೇಕು. ಬಹಿಷ್ಕಾರಕ್ಕೊಳಗಾದ ಮನೆಗೆ ಹಣ ದೂರಿನ ದಿನವೇ ಶುರುವಾಗಬೇಕು. ಹೊಡೆದವನಿಗೆ ಶಿಕ್ಷೆಯಾಗುವುದು ಸಾಕ್ಷಿ ಪುರಾವೆಯ ಮೇಲೆ ನಿಂತ ಮಾತು. ಅದರಲ್ಲಿ ಆರೋಪಿಗೂ ಅವನ ಹಕ್ಕುಗಳಿರಲಿ, ನಾವು ಬೇಡವೆನ್ನುವುದಿಲ್ಲ. ಆದರೆ ನೊಂದವರ ಅನ್ನ ಆ ತೂಕಕ್ಕೆ ಹಾಕುವ ಕಲ್ಲಾಗಬಾರದು.

ಅಕ್ಕನಿಗೆ ನಾವು ಹೋಗಿ ಹೇಳಿದೆವು: ಅಕ್ಕಾ, ಅದು ನೀನು ಪೆಟ್ಟು ತಿಂದದ್ದರ ಬೆಲೆಯಲ್ಲ, ಕೇಸು ಹಾಕಿದ್ದಕ್ಕೆ ಬಹುಮಾನವೂ ಅಲ್ಲ. ಕೋರ್ಟಿನಲ್ಲಿ ನಿನ್ನ ಹೆಸರು ಕೂಗುವ ದಿನದ ತನಕ ನೀನು ಯಾರ ಅಂಗಳದಲ್ಲೂ ಕೈಯೊಡ್ಡದೆ ಇರಲಿಕ್ಕೆ ಬೇಕಾದ ಅಕ್ಕಿ ಅದು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ಹಂಗಾದ್ರೆ ಅದು ಮಳೆಗಾಲಕ್ಕೆ ಮೊದಲೇ ಬರಬೇಕಿತ್ತಲ್ಲ ತಮಾ.”

ಆ ಒಂದು ಮಾತನ್ನು ಸಿರಸಿಗೆ, ಕಾರವಾರಕ್ಕೆ, ಬೆಂಗಳೂರಿಗೆ, ದಿಲ್ಲಿಗೆ ಮುಟ್ಟಿಸಬೇಕಾದವರು ನಾವು, ಓದು ಬರಹ ಕಲಿತವರು. ಎರಡನೇ ಕಂತು ಬರುವ ತನಕ ಅಕ್ಕನ ಮನೆಗೆ ಅಕ್ಕಿ ಹಾಕುವವರೂ ನಾವೇ ಆಗಬೇಕು.